ಪಾಠ ಹೇಳುವವರಿಗೆ ಪಾಠ ಯಾರು ಹೇಳುತ್ತಾರೆ?

ಕ್ರಿ.ಶ. 400ರ ಆಸುಪಾಸಿನಲ್ಲಿ ಕಾರ್ಥೇಜಿನ ಡಿಯೋಗ್ರಾಸಿಯಸ್ ಎಂಬ ಸಭಾಸೇವಕ ಹಿಪ್ಪೋ ನಗರದ ಬಿಷಪ್ ಅಗಸ್ಟೀನನಿಗೆ ತನ್ನ ಅಳಲು ತೋಡಿಕೊಂಡ. ಕ್ರೈಸ್ತ ಧರ್ಮವನ್ನು ಹೊಸದಾಗಿ ತಿಳಿಯಲು ಬಂದವರಿಗೆ ಪಾಠ ಹೇಳುವುದು ಅವನ ಕೆಲಸ. ಅದರಲ್ಲಿ ಅವನಿಗೆ ಒಳ್ಳೆಯ ಹೆಸರೂ ಇತ್ತು. ಆದರೆ ಹೇಳಿದ್ದನ್ನೇ ಹೇಳಿ ಹೇಳಿ ತನಗೇ ಬೇಸರ ಬಂದಿದೆ, ತನ್ನ ಮಾತು ತನಗೇ ರುಚಿಸುತ್ತಿಲ್ಲ ಎಂದು ಅವನು ನೊಂದಿದ್ದ. ಉತ್ತರವಾಗಿ ಅಗಸ್ಟೀನ ಒಂದು ಪುಸ್ತಕವನ್ನೇ ಬರೆದುಕೊಟ್ಟ. ಏನು ಹೇಳಬೇಕು, ಎಲ್ಲಿಂದ ಆರಂಭಿಸಬೇಕು ಎಂಬುದೆಲ್ಲ ಅದರಲ್ಲಿದೆ. ಮಾದರಿ ಉಪದೇಶಗಳೂ ಇವೆ. ಆದರೆ ಆ ಪುಸ್ತಕವನ್ನು ಇವತ್ತಿಗೂ ಓದುವಂತೆ ಮಾಡಿರುವುದು ಪಾಠ ಹೇಳುವವನ ಬೇಸರದ ಕಾರಣಗಳನ್ನು ಒಂದೊಂದಾಗಿ ಬಿಡಿಸಿಡುವ ಭಾಗ. ಕಲಿಸುವವನ ಮನಸ್ಸು ಉಲ್ಲಾಸದಿಂದ ಇಲ್ಲದಿದ್ದರೆ ಕೇಳುವವರಿಗೂ ಆ ಮಾತು ಮುಟ್ಟದು ಎಂಬುದು ಅಗಸ್ಟೀನನ ನಿಲುವು.

ಕ್ರೈಸ್ತ ಯುವಜನ ಸೇವೆಯ ಬಗ್ಗೆ ಆಮೇಲೆ ಬಂದ ಬರಹಕ್ಕೆ ಲೆಕ್ಕವಿಲ್ಲ. ಅದರಲ್ಲಿ ಬಹುಪಾಲು ಎರಡು ಪ್ರಶ್ನೆಗಳ ಸುತ್ತ ಸುತ್ತಿದೆ: ಏನು ಕಲಿಸಬೇಕು, ಹೇಗೆ ಕಲಿಸಬೇಕು. ಕಲಿಸುವವರು ತಾವು ಹೇಗೆ ಬೆಳೆಯುತ್ತಾರೆ ಎಂಬ ಮೂರನೆಯ ಪ್ರಶ್ನೆ ಆಗಾಗ ತಲೆ ಎತ್ತಿ ಮತ್ತೆ ಮರೆಗೆ ಸರಿದಿದೆ. ಪೌಲನು ಕಿರಿಯ ಜೊತೆಗಾರ ತಿಮೊಥೆಗೆ ಬರೆದ ಪತ್ರದಲ್ಲಿ ಎರಡು ವಿಷಯಗಳಲ್ಲಿ ಎಚ್ಚರವಾಗಿರಲು ಹೇಳುತ್ತಾನೆ. ಮೊದಲನೆಯದು ತಿಮೊಥೆಯ ಸ್ವಂತ ಬದುಕು, ಎರಡನೆಯದು ಅವನ ಉಪದೇಶ. ನಮ್ಮ ಚರ್ಚುಗಳಲ್ಲಿ ಈ ಕ್ರಮ ಬಹುಮಟ್ಟಿಗೆ ತಿರುಗಿದೆ. ಪಠ್ಯಕ್ಕೆ ಸಮಿತಿ ಇದೆ, ಪರೀಕ್ಷೆ ಇದೆ, ಬಹುಮಾನ ಇದೆ. ಪಾಠ ಹೇಳುವವರ ಒಳಬದುಕಿನ ಬಗ್ಗೆ ಕೇಳುವವರು ಕಡಿಮೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ, ಅಂದರೆ ಜನಸಂಖ್ಯೆಯ ಶೇ. 1.87. ಸಂಖ್ಯೆ ಚಿಕ್ಕದಾದರೂ ಕಲಿಸುವ ವ್ಯವಸ್ಥೆ ದೊಡ್ಡದು. ಕರಾವಳಿಯ ಕಥೊಲಿಕ ಧರ್ಮಕೇಂದ್ರಗಳಲ್ಲಿ ದೊತೊರ್ನ್ ಎಂಬ ಧರ್ಮೋಪದೇಶ ತರಗತಿ, ಸಿ.ಎಸ್.ಐ. ಮತ್ತು ಇತರ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸಂಡೇ ಸ್ಕೂಲ್, ಬೇಸಿಗೆ ರಜೆಯಲ್ಲಿ ವಿ.ಬಿ.ಎಸ್. ಎಂಬ ಬೈಬಲ್ ಶಾಲೆ, ಹರೆಯದವರಿಗೆ ಯೂತ್ ಫೆಲೋಶಿಪ್ ಮತ್ತು ಯುವಜನ ಕೂಟ. ಇವನ್ನೆಲ್ಲ ನಡೆಸುವವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು: ಕಾಲೇಜಿಗೆ ಹೋಗುವ ಹುಡುಗಿ, ಬ್ಯಾಂಕ್ ನೌಕರ, ನಿವೃತ್ತ ಶಿಕ್ಷಕಿ. ಇವರ ಬೆಳವಣಿಗೆಯನ್ನು ನಡುವೆ ಇಟ್ಟು ಇಡೀ ವಿಷಯವನ್ನು ನೋಡಿದರೆ ಹಳೆಯ ಚರ್ಚೆಗಳು ಬೇರೆಯೇ ಬೆಳಕಿನಲ್ಲಿ ಕಾಣುತ್ತವೆ.

ಪ್ರಶ್ನೋತ್ತರದ ಕಾಲ

ಆರಂಭದ ಸಭೆಗಳಲ್ಲಿ ಪಾಠ ದೊಡ್ಡವರಿಗಿತ್ತು, ಅದೂ ದೀಕ್ಷಾಸ್ನಾನಕ್ಕೆ ಮೊದಲು. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದು ವಾಡಿಕೆಯಾದ ಮೇಲೆ ಪಾಠ ಸ್ನಾನದ ನಂತರಕ್ಕೆ ಸರಿದು ಮಕ್ಕಳ, ಹರೆಯದವರ ಪಾಲಿಗೆ ಬಂತು. ಅದಕ್ಕೆ ಇಂದಿಗೂ ಉಳಿದಿರುವ ಒಂದು ರೂಪ ಕೊಟ್ಟವರು ಮಾರ್ಟಿನ್ ಲೂಥರ್. 1528ರಲ್ಲಿ ಸ್ಯಾಕ್ಸನಿಯ ಸಭೆಗಳನ್ನು ಸುತ್ತಿ ನೋಡಿದಾಗ ಜನರಿಗಿರಲಿ, ಎಷ್ಟೋ ಪಾದ್ರಿಗಳಿಗೇ ಮೂಲ ಪಾಠಗಳು ಗೊತ್ತಿರಲಿಲ್ಲ. ಮರುವರ್ಷ, 1529ರಲ್ಲಿ, ಅವರ ಕಿರಿಯ ಮತ್ತು ಹಿರಿಯ ಪ್ರಶ್ನೋತ್ತರ ಗ್ರಂಥಗಳು ಬಂದವು. ಹತ್ತು ಆಜ್ಞೆಗಳು, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ಸಂಸ್ಕಾರಗಳು ಎಂಬ ಚೌಕಟ್ಟು ಅವುಗಳಲ್ಲಿದೆ. ಹಿರಿಯ ಗ್ರಂಥದ ಮುನ್ನುಡಿಯಲ್ಲಿ ಲೂಥರ್ ಹೇಳುವ ಒಂದು ಸಂಗತಿಯನ್ನು ನಮ್ಮ ಸಂಡೇ ಸ್ಕೂಲುಗಳು ಅಷ್ಟಾಗಿ ಗಮನಿಸಿಲ್ಲ. ತಾನು ಪಂಡಿತನೂ ಬೋಧಕನೂ ಆಗಿದ್ದರೂ ಪ್ರತಿದಿನ ಮಗುವಿನಂತೆ ಇದೇ ಪಾಠಗಳನ್ನು ಒಪ್ಪಿಸುತ್ತೇನೆ, ಅವುಗಳ ವಿದ್ಯಾರ್ಥಿಯಾಗಿಯೇ ಉಳಿಯಬೇಕಾಗಿದೆ ಎನ್ನುತ್ತಾರೆ ಅವರು. ಈ ಪಾಠವೆಲ್ಲ ತಮಗೆ ಬರುತ್ತದೆ ಎಂದುಕೊಂಡ ಪಾದ್ರಿಗಳನ್ನು ಅದೇ ಮುನ್ನುಡಿಯಲ್ಲಿ ಕಟುವಾಗಿ ಬೈದಿದ್ದಾರೆ.

ಕಥೊಲಿಕ ಸಭೆ 1566ರಲ್ಲಿ ತನ್ನ ಧರ್ಮೋಪದೇಶ ಗ್ರಂಥವನ್ನು ಹೊರತಂದಿತು. ಅದನ್ನು ಬರೆದದ್ದು ಮುಖ್ಯವಾಗಿ ಗುರುಗಳಿಗಾಗಿ, ಎಂದರೆ ಕಲಿಸುವವರಿಗಾಗಿ. ನಮ್ಮ ಕರಾವಳಿಗೆ ಹತ್ತಿರದ ಕೊಂಡಿ ಗೋವೆಯದು. ಇಂಗ್ಲೆಂಡಿನಲ್ಲಿ ಹುಟ್ಟಿ ಗೋವೆಗೆ ಬಂದ ಜೆಸುಯಿಟ್ ಗುರು ಥಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ಬರೆದ ಪ್ರಶ್ನೋತ್ತರ ಅವರು ತೀರಿಕೊಂಡ ಮೇಲೆ 1622ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಗೋವೆಯಿಂದ ದಕ್ಷಿಣಕ್ಕೆ ವಲಸೆ ಬಂದ ಕುಟುಂಬಗಳು ಇಂಥ ಪಾಠಗಳನ್ನು ನಾಲಗೆಯ ಮೇಲೆ ಹೊತ್ತು ತಂದವು. ಸಂಜೆಯ ತೆರ್ಸಾದ, ಅಂದರೆ ಜಪಸರ ಪ್ರಾರ್ಥನೆಯ, ಹೊತ್ತಿಗೆ ಅಜ್ಜಿಯರೇ ಗುರುಗಳು. ಪ್ರೊಟೆಸ್ಟೆಂಟರ ಕಡೆಯಲ್ಲಿ ಬಳ್ಳಾರಿಯ ಲಂಡನ್ ಮಿಶನ್ನಿನ ಕೆಲಸದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆ ತೆರೆಯಿತು, 1841ರಲ್ಲಿ ಮುದ್ರಣಾಲಯ ಇಟ್ಟಿತು. ಪಾಠ ಹೇಳುವ ಉಪದೇಶಿಗಳನ್ನು ತಯಾರು ಮಾಡುವುದನ್ನೂ ಅದು ತನ್ನ ಕೆಲಸವೆಂದು ಎಣಿಸಿತ್ತು.

ಬಾಯಿಪಾಠವನ್ನು ಹಗುರವಾಗಿ ತಳ್ಳಿಹಾಕುವುದು ಈಗಿನ ರೂಢಿ. ಅದು ನ್ಯಾಯವಲ್ಲ. ಅರ್ಥವಾಗದೆ ಕಲಿತ ಪ್ರಾರ್ಥನೆ ಇಪ್ಪತ್ತು ವರ್ಷ ಕಳೆದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಅರ್ಥವಾಗುವುದುಂಟು. ಕೊರತೆ ಬೇರೆಡೆ ಇದೆ. ಉತ್ತರ ಮೊದಲೇ ಸಿದ್ಧವಾಗಿರುವ ಪಾಠದಲ್ಲಿ ಹೇಳುವವರು ಯೋಚಿಸಬೇಕಾಗಿಲ್ಲ. ಒಪ್ಪಿಸಿದ್ದು ಸರಿಯೇ ತಪ್ಪೇ ಎಂದು ಪುಸ್ತಕ ನೋಡಿ ಗುರುತು ಹಾಕಿದರೆ ಸಾಕು. ಲೂಥರ್ ತಾವೇ ದಿನವೂ ಒಪ್ಪಿಸುತ್ತಿದ್ದರು. ಅವರ ಪುಸ್ತಕ ಹಿಡಿದ ಶಿಕ್ಷಕರಲ್ಲಿ ಹೆಚ್ಚಿನವರು ಇತರರಿಂದ ಒಪ್ಪಿಸಿಕೊಂಡರು.

ಚಳವಳಿಗಳ ಕಾಲ

1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನ ಪತ್ರಿಕಾ ಪ್ರಕಾಶಕ ರಾಬರ್ಟ್ ರೈಕ್ಸ್ ವಾರವಿಡೀ ದುಡಿಯುವ ಬಡಮಕ್ಕಳಿಗಾಗಿ ಭಾನುವಾರದ ಶಾಲೆ ತೆರೆದರು. ಅಲ್ಲಿ ಓದು ಬರಹವೂ ಇತ್ತು, ಬೈಬಲೂ ಇತ್ತು. ಮೊದಲು ಕೂಲಿ ಕೊಟ್ಟು ನೇಮಿಸಿದ ಶಿಕ್ಷಕಿಯರಿದ್ದರು. ಶಾಲೆಗಳು ಹೆಚ್ಚಿದಂತೆ ಆ ಜಾಗಕ್ಕೆ ಸ್ವಯಂಸೇವಕರು ಬಂದರು. ಇಂದಿನ ಸಂಡೇ ಸ್ಕೂಲ್ ಟೀಚರ್ ಎಂಬ ವ್ಯಕ್ತಿಯ ಹುಟ್ಟು ಇಲ್ಲಿಯದು. ಭಾರತದಲ್ಲಿ ಈ ಶಾಲೆಗಳನ್ನು ಒಂದುಗೂಡಿಸಲು 1876ರಲ್ಲಿ ಇಂಡಿಯಾ ಸಂಡೇ ಸ್ಕೂಲ್ ಯೂನಿಯನ್ ಹುಟ್ಟಿತು.

ಅಲ್ಲಿಂದ ಮುಂದೆ ಯುವಕರು ತಮ್ಮನ್ನು ತಾವೇ ಕಟ್ಟಿಕೊಳ್ಳುವ ಚಳವಳಿಗಳು ಬಂದವು. ಲಂಡನ್ನಿನ ಬಟ್ಟೆ ಅಂಗಡಿಯೊಂದರ ನೌಕರ, 22ರ ಹರೆಯದ ಜಾರ್ಜ್ ವಿಲಿಯಮ್ಸ್ ಮತ್ತು ಗೆಳೆಯರು 1844ರಲ್ಲಿ ಆರಂಭಿಸಿದ ವೈ.ಎಂ.ಸಿ.ಎ. ಮೊದಲಿಗೆ ಅಂಗಡಿ ಹುಡುಗರ ಪ್ರಾರ್ಥನೆ ಮತ್ತು ಬೈಬಲ್ ಓದಿನ ಕೂಟವಾಗಿತ್ತು. 1881ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಎಂಬಲ್ಲಿ ಪಾಸ್ಟರ್ ಫ್ರಾನ್ಸಿಸ್ ಕ್ಲಾರ್ಕ್ ಆರಂಭಿಸಿದ ಕ್ರಿಶ್ಚಿಯನ್ ಎಂಡೆವರ್ ಸೇರಬೇಕಾದರೆ ಪ್ರತಿದಿನ ಬೈಬಲ್ ಓದುವ, ಪ್ರಾರ್ಥಿಸುವ, ಪ್ರತಿ ಕೂಟದಲ್ಲೂ ಏನಾದರೂ ಪಾಲು ತೆಗೆದುಕೊಳ್ಳುವ ವಾಗ್ದಾನ ಮಾಡಬೇಕಿತ್ತು. ಸುಮ್ಮನೆ ಕೇಳಿಸಿಕೊಂಡು ಹೋಗುವವರಿಗೆ ಅಲ್ಲಿ ಜಾಗವಿರಲಿಲ್ಲ. ಬೆಲ್ಜಿಯಮ್ಮಿನ ಗುರು ಜೋಸೆಫ್ ಕಾರ್ಡಿನ್ 1925ರಲ್ಲಿ ಕಟ್ಟಿದ ಕ್ರೈಸ್ತ ಯುವ ಕಾರ್ಮಿಕರ ಸಂಘಟನೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸುತ್ತಲಿನದನ್ನು ನೋಡು, ಸುವಾರ್ತೆಯ ಬೆಳಕಿನಲ್ಲಿ ತೂಗು, ಆಮೇಲೆ ಕೆಲಸಕ್ಕಿಳಿ ಎಂಬ ಅದರ ಮೂರು ಮೆಟ್ಟಿಲಿನ ಕ್ರಮವನ್ನು 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ವಿಶ್ವಪತ್ರದಲ್ಲಿಯೇ ಎತ್ತಿ ಹಿಡಿದರು. ಪಕ್ಕದ ಕೇರಳದಲ್ಲಿ 1985ರ ಸಮ್ಮೇಳನದ ನಂತರ ಬೆಳೆದ ಜೀಸಸ್ ಯೂತ್ ದೇಶವಿದೇಶಗಳಿಗೆ ಹರಡಿ 2016ರಲ್ಲಿ ರೋಮಿನ ಮಾನ್ಯತೆ ಪಡೆಯಿತು.

ಈ ಚಳವಳಿಗಳಲ್ಲಿ ಕಲಿಸುವವರಿಗೂ ಕಲಿಯುವವರಿಗೂ ನಡುವಿನ ಗೋಡೆ ತೆಳುವಾಯಿತು. ಇಪ್ಪತ್ತರ ಹುಡುಗ ಹದಿನೆಂಟರ ಹುಡುಗನಿಗೆ ಬೈಬಲ್ ಬಿಡಿಸಿ ಹೇಳುವಾಗ ಇಬ್ಬರೂ ಬೆಳೆಯುತ್ತಾರೆ. ಲಾಭದ ಜೊತೆಗೆ ಒಂದು ಅಪಾಯವೂ ಬಂತು. ಉತ್ಸಾಹ ಇರುವವರೇ ನಾಯಕರಾದರು, ನಾಯಕರಾದವರ ಉತ್ಸಾಹ ಇಳಿಯುವಂತಿಲ್ಲ ಎಂಬ ಒತ್ತಡ ಹುಟ್ಟಿತು. ಧ್ಯಾನಕೂಟದ ಕೊನೆಯ ರಾತ್ರಿ ಅಳುತ್ತ ಸಾಕ್ಷಿ ಹೇಳಿದ ಹುಡುಗಿ ಮರುತಿಂಗಳು ಗುಂಪಿನ ಮುಂದಾಳು. ಆರು ತಿಂಗಳ ಬಳಿಕ ಅವಳಿಗೆ ಪ್ರಾರ್ಥನೆ ಒಣಗಿದಂತೆ ಅನ್ನಿಸಿದರೆ ಯಾರಿಗೆ ಹೇಳಬೇಕು?

ಅಧ್ಯಯನಗಳು ಹೇಳಿದ್ದು

ಕಳೆದ ಐವತ್ತು ವರ್ಷಗಳಲ್ಲಿ ಈ ಕ್ಷೇತ್ರಕ್ಕೆ ಸಂಶೋಧಕರೂ ಬಂದರು. ಜಾನ್ ವೆಸ್ಟರ್‌ಹಾಫ್ 1976ರಲ್ಲಿ, ಧರ್ಮಶಿಕ್ಷಣವೆಂದರೆ ಶಾಲೆಯ ನಕಲು ಎಂಬ ಕಲ್ಪನೆಯನ್ನೇ ಪ್ರಶ್ನಿಸಿದರು. ತರಗತಿ, ಪಠ್ಯ, ಶಿಕ್ಷಕ ಎಂಬ ವ್ಯವಸ್ಥೆಯಿಂದ ಧರ್ಮದ ವಿಷಯ ತಿಳಿಯುತ್ತದೆ, ವಿಶ್ವಾಸ ಬೆಳೆಯುವುದು ಸಮುದಾಯದ ಒಟ್ಟು ಬದುಕಿನಲ್ಲಿ ಎಂದು ವಾದಿಸಿದರು. ವಿಶ್ವಾಸ ತನ್ನದೇ ಆಗುವ ಮೊದಲು ಹುಡುಕಾಟದ, ಅನುಮಾನದ ಒಂದು ಹಂತ ದಾಟಬೇಕಾಗುತ್ತದೆ ಎಂಬುದು ಅವರ ಇನ್ನೊಂದು ಮಾತು. ಜೇಮ್ಸ್ ಫೌಲರ್ 1981ರಲ್ಲಿ ವಿಶ್ವಾಸದ ಬೆಳವಣಿಗೆಯನ್ನು ಹಂತಗಳಾಗಿ ವಿವರಿಸಿದರು. ಹರೆಯದಲ್ಲಿ ಸುತ್ತಲಿನವರು ನಂಬಿದ್ದನ್ನು ನಂಬುವ ಹಂತ, ಅದನ್ನು ಸ್ವಂತವಾಗಿ ಪರೀಕ್ಷಿಸುವ ಹಂತ ಆಮೇಲೆ. ಎಷ್ಟೋ ದೊಡ್ಡವರು ಮೊದಲನೆಯದರಲ್ಲೇ ನಿಂತುಬಿಡುತ್ತಾರೆ. ಪಾಠ ಹೇಳುವವರೂ ಈ ಮಾತಿಗೆ ಹೊರತಲ್ಲ.

ಹೆಚ್ಚು ಚರ್ಚೆಯಾದದ್ದು ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಮತ್ತು ಮೆಲಿಂಡಾ ಡೆಂಟನ್ 2005ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ 13ರಿಂದ 17 ವರ್ಷದ 3,290 ಮಂದಿಯನ್ನು ಅವರ ತಂಡ ಫೋನಿನಲ್ಲಿ ಮಾತನಾಡಿಸಿತು, 267 ಮಂದಿಯನ್ನು ಮುಖಾಮುಖಿ ಭೇಟಿಯಾಯಿತು. ಮಕ್ಕಳಿಗೆ ಧರ್ಮದ ಮೇಲೆ ಸಿಟ್ಟಿರಲಿಲ್ಲ, ಆದರೆ ತಾವು ಏನನ್ನು ನಂಬುತ್ತೇವೆ ಎಂದು ಹೇಳಲು ಮಾತು ಸಿಗಲಿಲ್ಲ. ಒಳ್ಳೆಯವರಾಗಿರಿ, ಸಂತೋಷವಾಗಿರಿ, ಕಷ್ಟ ಬಂದರೆ ದೇವರನ್ನು ಕರೆಯಿರಿ ಎಂಬಷ್ಟೇ ಅವರ ಬಾಯಲ್ಲಿ ಬಂದ ಧರ್ಮ. ಇದು ಅವರಿಗೆ ಬಂದದ್ದಾದರೂ ಎಲ್ಲಿಂದ? ಮಕ್ಕಳ ಧಾರ್ಮಿಕ ಬದುಕಿನ ಮೇಲೆ ಹೆಚ್ಚಿನ ಪ್ರಭಾವ ತಂದೆತಾಯಿಯರದೇ ಎಂದು ಅಧ್ಯಯನ ತೋರಿಸಿತು. ಆ ತಂಡದಲ್ಲಿ ಕೆಲಸ ಮಾಡಿದ್ದ ಕೆಂಡಾ ಡೀನ್ 2010ರ ಪುಸ್ತಕದಲ್ಲಿ ಇದನ್ನೇ ಮುಂದುವರಿಸಿ, ದೋಷ ಹುಡುಗರದಲ್ಲ, ಅವರಿಗೆ ಕಲಿಸಿದ ಸಭೆಗಳದು ಎಂದರು. ದೊಡ್ಡವರು ಬದುಕುತ್ತಿದ್ದ ಧರ್ಮವನ್ನೇ ಮಕ್ಕಳು ಚೆನ್ನಾಗಿ ಕಲಿತಿದ್ದರು.

ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿಯ ಸಂಶೋಧಕರು ಯೂತ್ ಗ್ರೂಪುಗಳಿಂದ ಹೊರಬಂದು ಕಾಲೇಜು ಸೇರಿದ 500ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಹಿಂಬಾಲಿಸಿ 2011ರಲ್ಲಿ ತಮ್ಮ ನಿರ್ಣಯಗಳನ್ನು ಪುಸ್ತಕವಾಗಿ ಕೊಟ್ಟರು. ಅನುಮಾನಗಳನ್ನು ಹೇಳಿಕೊಳ್ಳಲು ಅವಕಾಶವಿದ್ದವರ ವಿಶ್ವಾಸ ಹೆಚ್ಚು ಗಟ್ಟಿಯಾಗಿರುವುದನ್ನು ಅವರು ಕಂಡರು. ಬೇರೆ ಬೇರೆ ವಯಸ್ಸಿನವರೊಡನೆ ಕೂಡಿ ಆರಾಧಿಸಿದ್ದೂ ಲಾಭದಾಯಕವಾಗಿತ್ತು. 1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸೆಮಿನರಿಯಲ್ಲಿ ಆರಂಭವಾದ ಇನ್ನೊಂದು ಯೋಜನೆಯ ಅನುಭವವನ್ನು ಮಾರ್ಕ್ ಯಾಕೊನೆಲ್ಲಿ 2006ರಲ್ಲಿ ಬರೆದರು. ಯುವಜನ ಸೇವೆಯನ್ನು ನಡೆಸುತ್ತಿರುವುದು ಬಹಳಷ್ಟು ಕಡೆ ದೊಡ್ಡವರ ಆತಂಕ ಎಂಬುದು ಅವರ ವಾದ. ಹುಡುಗರು ಕೈತಪ್ಪಿ ಹೋಗುತ್ತಾರೆ ಎಂಬ ಭಯ ಒಂದರ ಮೇಲೊಂದು ಕಾರ್ಯಕ್ರಮ ಹುಟ್ಟಿಸುತ್ತದೆ. ಅವರ ಯೋಜನೆಯಲ್ಲಿ ನಾಯಕರು ಸಮಿತಿ ಸಭೆಗಳಲ್ಲಿಯೂ ಮೊದಲು ಮೌನವಾಗಿ ಪ್ರಾರ್ಥಿಸಿ, ಒಬ್ಬರ ಮಾತನ್ನೊಬ್ಬರು ಆಲಿಸಿ, ನಂತರವೇ ಕೆಲಸದ ಪಟ್ಟಿಗೆ ಕೈಹಾಕುತ್ತಿದ್ದರು.

ಇವೆಲ್ಲ ಅಮೆರಿಕದ ಅಧ್ಯಯನಗಳು. ನಮ್ಮಲ್ಲಿ ಕುಟುಂಬದ ಹಿಡಿತ ಬೇರೆ, ಅಲ್ಪಸಂಖ್ಯಾತರಾಗಿ ಬದುಕುವ ಅನುಭವ ಬೇರೆ. ಚರ್ಚು ಬಿಡುವುದೆಂದರೆ ಎಷ್ಟೋ ಸಲ ಮನೆ, ಮದುವೆ, ನೆಂಟಸ್ತಿಕೆ ಎಲ್ಲದರ ಪ್ರಶ್ನೆ. ಹಾಗಾಗಿ ನಮ್ಮ ಹುಡುಗರು ದೇಹದಲ್ಲಿ ಚರ್ಚಿನೊಳಗೇ ಇದ್ದು ಮನಸ್ಸಿನಲ್ಲಿ ಹೊರಗೆ ಹೋಗಿರುವ ಸಾಧ್ಯತೆ ಹೆಚ್ಚು. ಹಾಜರಿ ಪುಸ್ತಕ ಇದನ್ನು ಹಿಡಿಯಲಾರದು.

ಬರ್ಲಿನ್ನಿನ ಒಂದು ತರಗತಿ

ಕಲಿಸುವವರು ತಾವು ಹೇಗೆ ಬೆಳೆಯುತ್ತಾರೆ ಎಂಬ ಮೂರನೆಯ ಪ್ರಶ್ನೆಗೆ ತಕ್ಕ ಉದಾಹರಣೆ ಜರ್ಮನಿಯ ದೇವತಾಶಾಸ್ತ್ರಜ್ಞ ಡೀಟ್ರಿಶ್ ಬೋನ್‌ಹಾಫರ್ ಅವರದು. 1931ರ ಕೊನೆಗೆ, 25ರ ಹರೆಯದಲ್ಲಿ, ವಿಶ್ವವಿದ್ಯಾಲಯದ ಅಧ್ಯಾಪಕರಾಗಿದ್ದ ಅವರಿಗೆ ಬರ್ಲಿನ್ನಿನ ಝಿಯೋನ್ ಚರ್ಚಿನ ದೃಢೀಕರಣ (ಕನ್ಫರ್ಮೇಶನ್) ತರಗತಿ ವಹಿಸಲಾಯಿತು. ಬಡ ಕಾರ್ಮಿಕರ ಕೇರಿಯ ತುಂಟ ಹುಡುಗರು, ಸುಮಾರು ಐವತ್ತು ಮಂದಿ. ಮೊದಲ ದಿನ ಮೆಟ್ಟಿಲು ಹತ್ತುವಾಗ ಮೇಲಿನಿಂದ ಕಸ ಬಿತ್ತು, ಕೋಣೆಯೊಳಗೆ ಅವರ ಹೆಸರಿನ ಮೊದಲ ಅಕ್ಷರಗಳನ್ನು ಕೂಗಿ ಗದ್ದಲ ಎಬ್ಬಿಸಿದರು. ಅವರು ಗೋಡೆಗೆ ಒರಗಿ ಸುಮ್ಮನೆ ನಿಂತರು. ಬಳಿಕ ಮುಂದಿನ ಸಾಲಿನವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ತಾವು ಕಂಡದ್ದನ್ನು ಹೇಳತೊಡಗಿದರು. ಗದ್ದಲ ತಾನಾಗಿ ಇಳಿಯಿತು.

ಪ್ರಸಂಗ ಇಲ್ಲಿಗೆ ಮುಗಿದಿದ್ದರೆ ಅದು ತರಗತಿ ನಿರ್ವಹಣೆಯ ಜಾಣ್ಮೆಯಷ್ಟೇ ಆಗುತ್ತಿತ್ತು. ಅವರು ಆ ಕೇರಿಯಲ್ಲೇ ಕೋಣೆ ಬಾಡಿಗೆಗೆ ಹಿಡಿದರು. ಸಂಜೆ ಹುಡುಗರು ಬಂದು ಹೋಗಬಹುದಿತ್ತು, ಅವರಿಗೆ ಚೆಸ್ ಹೇಳಿಕೊಟ್ಟರು. ಮನೆಮನೆಗೆ ಹೋಗಿ ತಂದೆತಾಯಿಯರನ್ನು ಕಂಡರು. ವಾರಾಂತ್ಯಗಳಲ್ಲಿ ಊರ ಹೊರಗೆ ಕರೆದೊಯ್ದರು. ದೃಢೀಕರಣದ ದಿನ ತೊಡಲು ಸೂಟ್ ಹೊಲಿಸಿಕೊಳ್ಳಲು ಬಟ್ಟೆಯ ಥಾನು ತಂದುಕೊಟ್ಟರು. ಶ್ರೀಮಂತ ಪ್ರಾಧ್ಯಾಪಕರ ಮನೆಯಲ್ಲಿ ಬೆಳೆದ ಅವರಿಗೆ ಬಡತನದ ಮನೆಗಳ ಒಳಗನ್ನು ಅಷ್ಟು ಹತ್ತಿರದಿಂದ ತೋರಿಸಿದವರು ಆ ಹುಡುಗರು. ಅದೇ ಕಾಲದಲ್ಲಿ ಅವರ ಒಳಗೂ ಒಂದು ತಿರುವು ನಡೆಯುತ್ತಿತ್ತು. 1936ರ ಪತ್ರವೊಂದರಲ್ಲಿ ಅವರು ಹಿಂದಿರುಗಿ ನೋಡಿ, ತಾನು ಆ ಮೊದಲು ಎಷ್ಟೋ ಸಲ ಪ್ರಸಂಗ ಮಾಡಿದ್ದರೂ ಇನ್ನೂ ಕ್ರೈಸ್ತನಾಗಿರಲಿಲ್ಲ, ಮಹತ್ವಾಕಾಂಕ್ಷೆ ತನ್ನನ್ನು ಆಳುತ್ತಿತ್ತು, ಬೈಬಲು ಅದರಲ್ಲೂ ಪರ್ವತ ಪ್ರಸಂಗ ತನ್ನನ್ನು ಬಿಡಿಸಿತು ಎಂಬ ಅರ್ಥದಲ್ಲಿ ಬರೆದರು.

1935ರಲ್ಲಿ ಫಿಂಕನ್‌ವಾಲ್ಡೆಯಲ್ಲಿ ಎಳೆಯ ಪಾದ್ರಿಗಳನ್ನು ತರಬೇತು ಮಾಡುವ ಹೊಣೆ ಬಂದಾಗ ಅವರು ದಿನಕ್ಕೆ ಅರ್ಧ ಗಂಟೆ ಮೌನ ಧ್ಯಾನವನ್ನು ಕಡ್ಡಾಯ ಮಾಡಿದರು. ವಾರವಿಡೀ ಒಂದೇ ಚಿಕ್ಕ ವಾಕ್ಯಭಾಗ. ಆ ಹೊತ್ತನ್ನು ಮುಂದಿನ ಪ್ರಸಂಗದ ತಯಾರಿಗೆ ಬಳಸಕೂಡದು ಎಂಬುದು ನಿಯಮ. ಹಲವು ವಿದ್ಯಾರ್ಥಿಗಳು ಮೊದಮೊದಲು ಗೊಣಗಿದರು. ಕಲಿಸುವವರ ಬೆಳವಣಿಗೆಯ ಇಡೀ ಪ್ರಶ್ನೆಗೆ ನನಗೆ ಕಂಡಿರುವ ಅತ್ಯಂತ ಉಪಯುಕ್ತ ನಿಯಮ ಅದೇ.

ಮೈಸೂರಿನ ಹಾದಿ

ನಮ್ಮ ನೆಲದಲ್ಲಿ ಇದೇ ಪ್ರಶ್ನೆಯನ್ನು ಬದುಕಿ ತೋರಿಸಿದವರು ಕಥೊಲಿಕ ಗುರು ಡಿ.ಎಸ್. ಅಮಲೋರ್ಪವದಾಸ್. ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದ ಎರಡು ವರ್ಷಕ್ಕೆ, 1967ರಲ್ಲಿ, ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿ ಕೇಂದ್ರಕ್ಕೆ ಅವರೇ ಮೊದಲ ನಿರ್ದೇಶಕರು. ದೇಶದ ಮೂಲೆ ಮೂಲೆಗಳಿಂದ ಬಂದ ಗುರುಗಳು, ಸಿಸ್ಟರುಗಳು, ಉಪದೇಶಿಗಳು ಅಲ್ಲಿ ತರಬೇತಿ ಪಡೆದರು. ಪರದೇಶದ ಪಠ್ಯವನ್ನು ಅನುವಾದಿಸಿ ಕೊಡುವ ಬದಲು ಇಲ್ಲಿಯ ಜನರ ಬದುಕಿನಿಂದ ಪಾಠ ಆರಂಭವಾಗಬೇಕು ಎಂಬ ಹಟ ಅವರದು. ಅದಕ್ಕಾಗಿ ಸಭೆಯೊಳಗೇ ಟೀಕೆಯನ್ನೂ ಕೇಳಿದರು.

ಅಂಥವರು 1970ರ ದಶಕದ ಕೊನೆಗೆ ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿ ಅಂಜಲಿ ಆಶ್ರಮ ಕಟ್ಟಿದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನವನ್ನು ಬೆಳೆಸಿದವರೂ ಅವರೇ. ಆಶ್ರಮದಲ್ಲಿ ನಸುಕಿನ ಧ್ಯಾನ, ನೆಲದ ಮೇಲೆ ಕುಳಿತು ಆರಾಧನೆ, ಸರಳ ಊಟ, ದೇವರ ಅನುಭವಕ್ಕಾಗಿ ದಿನಗಟ್ಟಲೆ ಮೌನ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲಿದ್ದರು. ದೇಶಕ್ಕೆಲ್ಲ ಧರ್ಮೋಪದೇಶದ ವಿಧಾನ ರೂಪಿಸಿಕೊಟ್ಟ ತಜ್ಞ ಕೊನೆಗೆ ಮೌನದ ಕಡೆಗೆ ನಡೆದರು. ವಿಧಾನ ಎಷ್ಟೇ ಒಳ್ಳೆಯದಿರಲಿ, ಅದನ್ನು ಹಿಡಿದವರ ಅನುಭವದ ಆಳವೇ ಕೊನೆಗೆ ಉಳಿಯುವುದು ಎಂಬುದನ್ನು ಅವರ ಬದುಕು ಹೇಳುತ್ತದೆ. ನಮ್ಮ ಯುವಜನ ಸೇವೆ ಅವರ ಮೊದಲಿನ ಅರ್ಧವನ್ನು ಬಳಸಿಕೊಂಡಷ್ಟು ಎರಡನೆಯ ಅರ್ಧವನ್ನು ಬಳಸಿಕೊಂಡಿಲ್ಲ.

ಕಲಿಸುವವರು ಬತ್ತುವ ಬಗೆ

ಪಾಠ ಹೇಳುವುದರಿಂದ ಹೇಳುವವರೇ ಹೆಚ್ಚು ಕಲಿಯುತ್ತಾರೆ ಎಂಬ ಮಾತು ಎಲ್ಲ ತರಬೇತಿ ಶಿಬಿರಗಳಲ್ಲೂ ಕೇಳಿಬರುತ್ತದೆ. ಅದು ಅರ್ಧ ನಿಜ. ಮೊದಲ ಒಂದೆರಡು ವರ್ಷ ಹಾಗೆಯೇ ಇರುತ್ತದೆ. ಹತ್ತು ಮಂದಿಯ ಮುಂದೆ ನಿಲ್ಲಬೇಕೆಂಬ ಕಾರಣಕ್ಕೆ ಓದುತ್ತೇವೆ, ಓದಿದ್ದು ತಟ್ಟುತ್ತದೆ. ಬಳಿಕ ಓದು ನಿಧಾನವಾಗಿ ತಯಾರಿಯಾಗಿ ಬದಲಾಗುತ್ತದೆ. ಸತ್ಯವೇದವನ್ನು (ಬೈಬಲನ್ನು) ತೆರೆದ ಕೂಡಲೇ ಮುಂದಿನ ಭಾನುವಾರಕ್ಕೆ ಇದರಲ್ಲಿ ಏನು ಸಿಗುತ್ತದೆ ಎಂದು ಕಣ್ಣು ಹುಡುಕುತ್ತದೆ. ತನಗಾಗಿ ಓದುವುದು ನಿಂತುಹೋಗಿರುವುದು ಗೊತ್ತೇ ಆಗುವುದಿಲ್ಲ. ಬಾವಿಯಿಂದ ಊರಿಗೆಲ್ಲ ನೀರು ಸೇದಿ ಕೊಡುವವಳು ತಾನು ಕುಡಿಯಲು ಮರೆತ ಹಾಗೆ.

ಬತ್ತುವ ಎರಡನೆಯ ಬಗೆ ಖಚಿತತೆಯ ಹೊರೆ. ಟೀಚರ್ ಆದವರಿಗೆ ಎಲ್ಲವೂ ಗೊತ್ತಿರಬೇಕು ಎಂಬ ನಿರೀಕ್ಷೆ. ಗೆಳತಿಯ ಅಮ್ಮ ಕ್ಯಾನ್ಸರಿನಿಂದ ತೀರಿಕೊಂಡರು, ಅಷ್ಟು ಪ್ರಾರ್ಥಿಸಿದೆವಲ್ಲ ಎಂದು ಹದಿನಾರರ ಹುಡುಗಿ ಕೇಳಿದಾಗ, ನನಗೂ ಉತ್ತರ ಸಿಕ್ಕಿಲ್ಲ ಎನ್ನಲು ಧೈರ್ಯ ಬೇಕು. ಆ ಧೈರ್ಯ ಇಲ್ಲದವರು ಸಿದ್ಧ ಉತ್ತರ ಕೊಡುತ್ತಾರೆ. ಆ ಹುಡುಗಿ ಮತ್ತೆ ಪ್ರಶ್ನೆ ಕೇಳುವುದಿಲ್ಲ. ಕೊಟ್ಟವರೂ ತಮ್ಮ ಅನುಮಾನವನ್ನು ಇನ್ನಷ್ಟು ಆಳಕ್ಕೆ ಹೂಳುತ್ತಾರೆ. 2018ರ ಮಾರ್ಚಿನಲ್ಲಿ, ಯುವಜನರ ಕುರಿತ ಬಿಷಪರ ಸಿನೊಡಿಗೆ ಮುಂಚೆ, ರೋಮಿನಲ್ಲಿ ಸೇರಿದ ಸುಮಾರು 300 ಯುವಜನರು ಈ ಬಗ್ಗೆ ಸ್ಪಷ್ಟವಾಗಿ ಬರೆದಿದ್ದರು. ಮಾರ್ಗದರ್ಶಕರನ್ನು ಪೀಠದ ಮೇಲೆ ಕೂರಿಸಬಾರದು, ಅವರು ತಮ್ಮ ದೌರ್ಬಲ್ಯ ಒಪ್ಪಿಕೊಳ್ಳುವವರೂ ಜೊತೆಗೆ ನಡೆಯುವವರೂ ಆಗಿರಬೇಕು ಎಂಬುದು ಅವರ ಅಪೇಕ್ಷೆ. ಪೋಪ್ ಫ್ರಾನ್ಸಿಸ್ 2019ರ ತಮ್ಮ ಪತ್ರದಲ್ಲಿ ಆ ಮಾತುಗಳನ್ನೇ ಸೇರಿಸಿಕೊಂಡರು.

ಮೂರನೆಯದು ಅಧಿಕಾರ. ಹುಡುಗರು ಒಬ್ಬ ವ್ಯಕ್ತಿಗೆ ಅಂಟಿಕೊಂಡಾಗ ಆ ವ್ಯಕ್ತಿಗೆ ಹಿತವೆನಿಸುತ್ತದೆ. ಅವರ ಮೆಚ್ಚುಗೆಯೇ ತನ್ನ ಆತ್ಮಿಕ ಬೆಳವಣಿಗೆಯ ಅಳತೆ ಎಂದು ಭ್ರಮೆ ಹುಟ್ಟುತ್ತದೆ. ಇದರ ಕೆಟ್ಟ ಕೊನೆ ಏನೆಂದು ಜಗತ್ತಿನ ಹಲವು ಸಭೆಗಳು ನೋವಿನಿಂದ ಕಲಿತಿವೆ. ಭಾರತದಲ್ಲಿ 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ. ದೌರ್ಜನ್ಯದ ಮಾಹಿತಿ ಇದ್ದವರು ಅದನ್ನು ಪೊಲೀಸರಿಗೆ ತಿಳಿಸುವುದು ಕಾನೂನಿನ ಕಟ್ಟಳೆ. ಚರ್ಚಿನ ಒಳಗಿನ ಕ್ಷಮೆಯ ಮಾತು ಅದಕ್ಕೆ ಬದಲಿಯಾಗದು. ಪ್ರಾರ್ಥನೆ ಹೆಚ್ಚಿದ್ದರೆ ನಿಯಮ ಬೇಡ ಎನ್ನುವವರು ಯಾಕೋಬನ ಪತ್ರಿಕೆಯ ಎಚ್ಚರಿಕೆಯನ್ನು ನೆನೆಯಬೇಕು. ಬೋಧಕರಾಗುವವರಿಗೆ ನ್ಯಾಯವಿಚಾರಣೆ ಇತರರಿಗಿಂತ ಕಠಿಣವಾಗಿರುತ್ತದೆ ಎನ್ನುತ್ತದೆ ಅದು.

ನಮ್ಮಲ್ಲಿಯ ಸ್ಥಿತಿ

ಕರ್ನಾಟಕದ ಸಭೆಗಳಲ್ಲಿ ಈ ಮೂರಕ್ಕೂ ಸ್ಥಳೀಯ ಕಾರಣಗಳು ಸೇರುತ್ತವೆ. ದೃಢೀಕರಣ ಮುಗಿದ ಕೂಡಲೇ ಚುರುಕಾದ ಹುಡುಗ ಹುಡುಗಿಯರನ್ನು ಟೀಚರ್ ಮಾಡುತ್ತೇವೆ. ಅದು ಗೌರವವೇನೋ ಹೌದು. ಆದರೆ ಅಲ್ಲಿಗೆ ಅವರ ಸ್ವಂತ ಕಲಿಕೆ ನಿಲ್ಲುತ್ತದೆ. ಅವರಿಗಾಗಿ ಮುಂದಿನ ತರಗತಿ ಇಲ್ಲ. ಉಳಿದ ಯುವಕರ ಪಾಲಿಗೆ ಬರುವುದು ದುಡಿಮೆ: ಹಬ್ಬಕ್ಕೆ ಚಪ್ಪರ, ಗೋದಲಿ ಕಟ್ಟುವುದು, ಕ್ಯಾರಲ್, ಕುರ್ಚಿ ಜೋಡಿಸುವುದು, ಮೈಕ್ ಸೆಟ್. ಕೈಗೆ ಕೆಲಸ ಕೊಟ್ಟರೆ ಹುಡುಗರು ಉಳಿಯುತ್ತಾರೆ ಎಂಬ ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೂ ವರ್ಷದ ವರದಿಯಲ್ಲಿ ಕಾರ್ಯಕ್ರಮಗಳ ಪಟ್ಟಿ ಉದ್ದವಾದಷ್ಟೂ ಒಬ್ಬೊಬ್ಬರನ್ನು ಕೂರಿಸಿ ಹೇಗಿದ್ದೀಯ ಎಂದು ಕೇಳಿದ ಗಂಟೆಗಳು ಕಡಿಮೆಯಾಗಿರುತ್ತವೆ.

ಭಾಷೆಯ ತೊಡಕು ಇನ್ನೊಂದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗರು ಇಂಗ್ಲಿಷಿನ ಆರಾಧನಾ ಗೀತೆಗಳನ್ನು ಹಾಡುತ್ತಾರೆ, ಮೊಬೈಲಿನಲ್ಲಿ ವಿದೇಶಿ ಪ್ರಸಂಗಗಳನ್ನು ಕೇಳುತ್ತಾರೆ. ಮನೆಯ ಪ್ರಾರ್ಥನೆ ಕನ್ನಡದಲ್ಲೋ ಕೊಂಕಣಿಯಲ್ಲೋ ತುಳುವಿನಲ್ಲೋ ತಮಿಳಿನಲ್ಲೋ. ಹಳೆಯ ಸತ್ಯವೇದದ ಕನ್ನಡ ಅವರಿಗೆ ದೂರ. ಕಲಿಸುವವರು ಎರಡೂ ದಡ ಬಲ್ಲವರಾಗಿರಬೇಕು, ಆದರೆ ಕನ್ನಡದಲ್ಲಿ ಶಿಕ್ಷಕರ ಸ್ವಂತ ಓದಿಗೆ ಸಿಗುವ ಸಾಮಗ್ರಿ ಇಂಗ್ಲಿಷಿಗೆ ಹೋಲಿಸಿದರೆ ತೀರ ಸ್ವಲ್ಪ. ಜೊತೆಗೆ ನಮ್ಮ ಹುಡುಗರ ತರಗತಿಯ ಗೆಳೆಯರು ಬೇರೆ ಬೇರೆ ಧರ್ಮದವರು. ಅವರು ಮುಕ್ತವಾಗಿ ಪ್ರಶ್ನೆ ಕೇಳುತ್ತಾರೆ. ನೆರೆಯವರ ನಂಬಿಕೆಯನ್ನು ಹೀಗಳೆಯದೆ ತನ್ನದನ್ನು ಹೇಳುವ ಶಿಸ್ತು ಪಠ್ಯದಿಂದ ಬರುವುದಿಲ್ಲ, ಅದನ್ನು ಬದುಕುವ ಹಿರಿಯರನ್ನು ನೋಡಿ ಬರುತ್ತದೆ. ಕೆಲಸಕ್ಕಾಗಿ ಬೆಂಗಳೂರಿಗೂ ದುಬೈ, ಕುವೈತಿಗೂ ಹೋಗುವ ಯುವಕರಲ್ಲಿ ಎಷ್ಟೋ ಮಂದಿ ಅಲ್ಲಿಯೂ ಪಾಠ ಹೇಳುವವರಾಗುತ್ತಾರೆ. ಊರಿನ ಸಭೆ ಅವರಲ್ಲಿ ತುಂಬಿದ್ದನ್ನೇ ಅವರು ಅಲ್ಲಿ ಹಂಚುತ್ತಾರೆ.

ಮಾಡಬಹುದಾದದ್ದು

ಇಷ್ಟನ್ನೂ ನೋಡಿದ ಮೇಲೆ ನನ್ನ ತೀರ್ಮಾನ ಸರಳ. ಯುವಜನ ಸೇವೆಗೆ ಹೊಸ ಪಠ್ಯ, ಹೊಸ ಪರದೆ, ಹೊಸ ಗಿಟಾರಿಗಿಂತ ಮೊದಲು ಬೇಕಾಗಿರುವುದು ಕಲಿಸುವವರ ಆರೈಕೆ. ಇದಕ್ಕೆ ದೊಡ್ಡ ಹಣ ಬೇಡ. ನಾಲ್ಕೈದು ವರ್ಷ ಪಾಠ ಹೇಳಿದವರಿಗೆ ಒಂದು ವರ್ಷ ಬಿಡುವು ಕೊಡಿ, ಆ ವರ್ಷ ಅವರು ಕೇಳುವವರಾಗಿ ಕೂರಲಿ. ಪ್ರತಿ ಶಿಕ್ಷಕರಿಗೂ ತಿಂಗಳಿಗೊಮ್ಮೆ ಮನಬಿಚ್ಚಿ ಮಾತಾಡಲು ಒಬ್ಬ ಹಿರಿಯರನ್ನು ಗೊತ್ತುಮಾಡಿ, ಅವರು ಕಮಿಟಿಯ ಮೇಲಧಿಕಾರಿ ಆಗಿರದಿದ್ದರೆ ಒಳ್ಳೆಯದು. ಶಿಕ್ಷಕರ ಸಭೆಯ ಮೊದಲ ಅರ್ಧ ಗಂಟೆ ಮುಂದಿನ ಪಾಠಕ್ಕೆ ಸಂಬಂಧವಿಲ್ಲದ ಓದಿಗೆ, ಮೌನಕ್ಕೆ ಮೀಸಲಿಡಿ. ಉತ್ತರ ಗೊತ್ತಿಲ್ಲ ಎನ್ನುವ ಶಿಕ್ಷಕರನ್ನು ದುರ್ಬಲರೆಂದು ಎಣಿಸಬೇಡಿ. ಮಕ್ಕಳ ಸುರಕ್ಷತೆಯ ನಿಯಮಗಳನ್ನು ಬರೆದು ಗೋಡೆಗೆ ಹಾಕಿ, ಪಾದ್ರಿಯವರಿಗೂ ಅವು ಅನ್ವಯಿಸಲಿ. ದೃಢೀಕರಣ ಮುಗಿಸಿದವರನ್ನು ಶಿಕ್ಷಕರನ್ನಾಗಿ ಮಾಡುವ ಮುಂಚೆ ಅವರಿಗೆಂದೇ ಎರಡು ವರ್ಷದ ಅಧ್ಯಯನ ಕೂಟ ನಡೆಸಿ.

ಜೂನಿನಲ್ಲಿ ಹೊಸ ತರಗತಿಗಳು ಶುರುವಾಗುವಾಗ ಪ್ರತಿ ಸಭೆಯ ಕಮಿಟಿಯೂ ಪಠ್ಯಪುಸ್ತಕ ಎಷ್ಟು ಬೇಕೆಂದು ಲೆಕ್ಕ ಹಾಕುತ್ತದೆ. ಆಗಲೇ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ನಮ್ಮ ಶಿಕ್ಷಕರಲ್ಲಿ ಒಬ್ಬೊಬ್ಬರೂ ಈಗ ಯಾರ ಬಳಿ ಕಲಿಯುತ್ತಿದ್ದಾರೆ? ಹೆಸರು ಬರೆಯಲು ಆಗದ ಕಡೆ ಮೊದಲು ಆ ಖಾಲಿ ಜಾಗವನ್ನು ತುಂಬಿ. ಪುಸ್ತಕದ ಆರ್ಡರ್ ಒಂದು ವಾರ ತಡವಾದರೆ ನಷ್ಟವಿಲ್ಲ.